ವರ್ಸೇಲ್ಸ್ ಅರಮನೆಗೆ ಒಂದು ದಿನ: ನೋಡುವುದೇನು, ಬಿಡುವುದೇನು?

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಹಿರಿಯರು ಹೇಳಿಕೊಂಡು ಬಂದ ಮಾತು. ಈ ಎರಡನ್ನೂ ಬೇರೆ ಬೇರೆ ಕೆಲಸಗಳೆಂದು ಬಗೆದವರೇ ಹೆಚ್ಚು. ಓದುವವರು ಓದುತ್ತಾರೆ, ಸುತ್ತುವವರು ಸುತ್ತುತ್ತಾರೆ. ಸುತ್ತುವ ಮುನ್ನ ಓದಿಕೊಂಡು, ಓದಿದ್ದನ್ನು ಸುತ್ತುವಾಗ ಒರೆಗೆ ಹಚ್ಚಿ ನೋಡುವವರು ವಿರಳ. ಕೋಶವನ್ನು ತೆರೆಯದೆ ದೇಶ ಸುತ್ತಿದವನು ಕಾಲು ನೋಯಿಸಿಕೊಂಡು ಹಿಂದಿರುಗುತ್ತಾನೆಯೇ ಹೊರತು ಕಣ್ಣು ತೆರೆಸಿಕೊಂಡು ಹಿಂದಿರುಗುವುದಿಲ್ಲ. ಈ ಮಾತಿಗೆ ಫ್ರಾನ್ಸ್ ದೇಶದ ವರ್ಸೇಲ್ಸ್ ಅರಮನೆಗಿಂತ ಉತ್ತಮವಾದ ನಿದರ್ಶನ ದೊರೆಯುವುದು ಕಷ್ಟ.

ಇಂದು ಕನ್ನಡ ನಾಡಿನ ಅನೇಕ ಮನೆಗಳ ಮಕ್ಕಳು ಯೂರೋಪಿನ ನಗರಗಳಲ್ಲಿ ಉದ್ಯೋಗದಲ್ಲಿದ್ದಾರೆ. ಅವರನ್ನು ಕಾಣಲು ಹೋಗುವ ತಂದೆ-ತಾಯಿಗಳು, ನಿವೃತ್ತ ಅಧ್ಯಾಪಕರು, ವ್ಯಾಪಾರೋದ್ಯಮಿಗಳು ಪ್ಯಾರಿಸ್ ನಗರಕ್ಕೆ ಮೂರು-ನಾಲ್ಕು ದಿನ ಮೀಸಲಿಟ್ಟು, ಅದರಲ್ಲಿ ಒಂದು ದಿನವನ್ನು ವರ್ಸೇಲ್ಸ್‌ಗೆ ಕೊಡುವುದು ವಾಡಿಕೆಯಾಗಿದೆ. ವರ್ಷವೊಂದಕ್ಕೆ ಸುಮಾರು ೮೦ ಲಕ್ಷ ಜನ ಬಂದು ಹೋಗುವ ಆ ಅರಮನೆಯಲ್ಲಿ ಈ ಒಂದು ದಿನ ಹೇಗೆ ಕಳೆಯುತ್ತದೆ? ಬೆಳಗಿನ ಅರ್ಧ ಭಾಗ ಸರದಿಯ ಸಾಲಿನಲ್ಲಿ, ಉಳಿದರ್ಧ ನೂಕುನುಗ್ಗಲಿನಲ್ಲಿ, ಮಧ್ಯಾಹ್ನ ಊಟದ ಹುಡುಕಾಟದಲ್ಲಿ, ಸಂಜೆ ಸುಸ್ತಿನಲ್ಲಿ ಕಳೆದುಹೋಗುತ್ತದೆ. ಮನೆಗೆ ಮರಳಿದ ಮೇಲೆ ನೆನಪಿನಲ್ಲಿ ಉಳಿಯುವುದು ಚಿನ್ನದ ಬಣ್ಣದ ಬೇಲಿ, ಒಂದಿಷ್ಟು ಕನ್ನಡಿ ಮತ್ತು ಮುಂದೆ ನಿಂತವರ ಬೆನ್ನು. ಇಷ್ಟಕ್ಕಾಗಿ ಏಳು ಸಾವಿರ ಕಿಲೋಮೀಟರಿಗೂ ಮಿಗಿಲಾದ ದೂರವನ್ನು ಕ್ರಮಿಸಬೇಕಾಗಿತ್ತೇ ಎಂಬ ಪ್ರಶ್ನೆ ಏಳುವುದು ಸಹಜ.

ತಪ್ಪು ಅರಮನೆಯದಲ್ಲ, ಯೋಜನೆಯದು. ಸಾಮಾನ್ಯವಾಗಿ ಯೋಜನೆ ಎಂದರೆ ನೋಡಬೇಕಾದ ಸ್ಥಳಗಳ ಪಟ್ಟಿ ಎಂದು ತಿಳಿಯಲಾಗಿದೆ. ಪಟ್ಟಿ ಉದ್ದವಾದಷ್ಟೂ ಯೋಜನೆ ಉತ್ತಮವೆಂಬ ಭ್ರಮೆಯೂ ಇದೆ. ವಾಸ್ತವವಾಗಿ ಒಂದು ದಿನದ ಪ್ರವಾಸಕ್ಕೆ ಬೇಕಾದುದು ಪಟ್ಟಿಯಲ್ಲ, ಒಂದು ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಕೊಡುವ ಸ್ಥಳಗಳನ್ನು ಇರಿಸಿಕೊಂಡು ಉಳಿದವುಗಳನ್ನು ನಿರ್ದಾಕ್ಷಿಣ್ಯವಾಗಿ ಬಿಡುವುದೇ ಯೋಜನೆ. ವರ್ಸೇಲ್ಸ್‌ನ ಮಟ್ಟಿಗೆ ಆ ಪ್ರಶ್ನೆ ಇದು: ಲೋಕವನ್ನೇ ಬೆರಗುಗೊಳಿಸಿದ ಈ ವೈಭವ ಯಾರ ದುಡಿಮೆಯಿಂದ ಎದ್ದು ನಿಂತಿತು, ಮತ್ತು ನೂರು ವರ್ಷ ತುಂಬಿದ ಹೊತ್ತಿಗೇ ಅದು ಬರಿದಾದದ್ದು ಏಕೆ? ಈ ಪ್ರಶ್ನೆಯನ್ನು ಹಿಡಿದು ಹೊರಟವನಿಗೆ ಒಂದು ದಿನ ಸಾಕು. ಅದಿಲ್ಲದವನಿಗೆ ಒಂದು ವಾರವೂ ಸಾಲದು.

ಮೊದಲಿಗೆ ದಿನವನ್ನು ಆರಿಸುವ ವಿಷಯ. ಸೋಮವಾರ ಅರಮನೆಗೆ ರಜೆ. ಮಂಗಳವಾರ ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯಕ್ಕೆ ರಜೆಯಾದುದರಿಂದ ಅಲ್ಲಿಗೆ ಹೋಗಬೇಕಾದವರೂ ಇತ್ತ ಹರಿದು ಬರುತ್ತಾರೆ. ಶನಿವಾರ, ಭಾನುವಾರಗಳಲ್ಲಿ ಜನಸಂದಣಿ ಸ್ವಾಭಾವಿಕ. ಆದುದರಿಂದ ಬುಧವಾರ, ಗುರುವಾರಗಳೇ ಪ್ರಶಸ್ತ. ಪ್ರವೇಶಪತ್ರವನ್ನು ಮುಂಗಡವಾಗಿಯೇ ಪಡೆಯಬೇಕು. ಅದರಲ್ಲಿ ಒಳಹೋಗುವ ಗಂಟೆಯನ್ನು ಗೊತ್ತುಪಡಿಸಿರುತ್ತಾರೆ. ಅರಮನೆ ಬೆಳಿಗ್ಗೆ ೯ ಗಂಟೆಗೆ ತೆರೆಯುತ್ತದೆ. ಆ ಮೊದಲ ಗಂಟೆಯನ್ನೇ ಆರಿಸಿಕೊಂಡವನು ಅರ್ಧ ಗೆದ್ದಂತೆ.

ವರ್ಸೇಲ್ಸ್ ಪ್ಯಾರಿಸ್ಸಿನಿಂದ ನೈಋತ್ಯಕ್ಕೆ ಸುಮಾರು ೨೦ ಕಿಲೋಮೀಟರ್. ಆರ್.ಇ.ಆರ್. ಎಂದು ಕರೆಯಲಾಗುವ ಉಪನಗರ ರೈಲಿನ ‘ಸಿ’ ಮಾರ್ಗ ಅಲ್ಲಿಗೆ ಒಯ್ಯುತ್ತದೆ. ಈ ಮಾರ್ಗಕ್ಕೆ ಕವಲುಗಳು ಹಲವು. ‘ವರ್ಸೇಲ್ಸ್ ಷಾತೊ ರೀವ್ ಗೋಷ್’ ಎಂಬ ಕೊನೆಯ ನಿಲ್ದಾಣದ ಹೆಸರು ಫಲಕದ ಮೇಲಿದೆಯೇ ಎಂದು ನೋಡಿಕೊಂಡೇ ಹತ್ತಬೇಕು. ಅಲ್ಲಿನವರು ಊರಿನ ಹೆಸರನ್ನು ‘ವೆರ್ಸಾಯ್’ ಎಂದು ಉಚ್ಚರಿಸುತ್ತಾರೆಂಬುದನ್ನು ತಿಳಿದಿದ್ದರೆ ದಾರಿ ಕೇಳುವಾಗ ತೊಡಕಾಗುವುದಿಲ್ಲ. ನಿಲ್ದಾಣದಿಂದ ಅರಮನೆಯ ಬಾಗಿಲಿಗೆ ಹತ್ತು ನಿಮಿಷದ ನಡಿಗೆ. ದೊಡ್ಡ ಪೆಟ್ಟಿಗೆಗಳಿಗೆ ಒಳಗೆ ಪ್ರವೇಶವಿಲ್ಲ. ಗಟ್ಟಿಯಾದ ಪಾದರಕ್ಷೆ, ಕೊಡೆ, ಹಗುರವಾದ ಕೈಚೀಲ ಇಷ್ಟಿದ್ದರೆ ಸಾಕು.

ಇನ್ನು ಒಳಗೆ ಕಾಲಿಡುವ ಮುನ್ನ ತಿಳಿದಿರಬೇಕಾದ ಚರಿತ್ರೆ ಬಹಳವೇನಿಲ್ಲ. ಹದಿಮೂರನೆಯ ಲೂಯಿ ದೊರೆ ೧೬೨೩ರಲ್ಲಿ ಇಲ್ಲಿ ಬೇಟೆಗೆಂದು ಒಂದು ಸಣ್ಣ ಬಿಡಾರವನ್ನು ಕಟ್ಟಿಸಿದನು. ಅವನ ಮಗ ಹದಿನಾಲ್ಕನೆಯ ಲೂಯಿ ೧೬೬೧ರಲ್ಲಿ ಆಡಳಿತ ಸೂತ್ರವನ್ನು ಸ್ವತಃ ಕೈಗೆತ್ತಿಕೊಂಡೊಡನೆ ಅದನ್ನು ವಿಸ್ತರಿಸತೊಡಗಿದನು. ಲೂಯಿ ಲ ವೊ ಮತ್ತು ಅವನ ತರುವಾಯ ಜೂಲ್ ಅರ್ದುವಾಂ-ಮಾಂಸಾರ್ ಕಟ್ಟಡವನ್ನೂ, ಷಾರ್ಲ್ ಲ ಬ್ರಂ ಚಿತ್ರಾಲಂಕಾರವನ್ನೂ, ಆಂದ್ರೆ ಲ ನೋತ್ರ್ ಉದ್ಯಾನವನ್ನೂ ರೂಪಿಸಿದರು. ೧೬೮೨ರ ಮೇ ೬ರಂದು ರಾಜನ ಪರಿವಾರವೂ ಸರ್ಕಾರವೂ ಪ್ಯಾರಿಸ್ಸಿನ ಹಂಗು ತೊರೆದು ಇಲ್ಲಿಗೆ ಬಂದು ನೆಲಸಿದವು. ೧೭೮೯ರ ಅಕ್ಟೋಬರ್ ೬ರಂದು ರಾಜಕುಟುಂಬ ಇಲ್ಲಿಂದ ಹೊರಟಿತು, ಮತ್ತೆ ಮರಳಲಿಲ್ಲ. ನಡುವಿನದು ೧೦೭ ವರ್ಷ. ಹದಿನಾಲ್ಕನೆಯ ಲೂಯಿ ತೀರಿಕೊಂಡ ಮೇಲೆ ಆಸ್ಥಾನ ಪ್ಯಾರಿಸ್ಸಿಗೆ ಹೋಗಿ ೧೭೨೨ರವರೆಗೆ ಅಲ್ಲಿದ್ದ ಏಳು ವರ್ಷಗಳನ್ನು ಕಳೆದರೆ ಸರಿಯಾಗಿ ನೂರು. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಒಳಹೊಕ್ಕರೆ ಗೋಡೆಗಳು ತಾವಾಗಿಯೇ ಮಾತನಾಡುತ್ತವೆ.

ಅರಮನೆಗೆ ಎರಡೂವರೆ ಗಂಟೆ ಸಾಕು. ಎಲ್ಲ ಕೋಣೆಗಳನ್ನೂ ನೋಡುತ್ತೇನೆಂಬ ಹಟ ಬೇಡ. ಮೂರು ಕಡೆಗಳಲ್ಲಿ ನಿಂತು ನೋಡಿದರೆ ಉಳಿದ ಕೋಣೆಗಳನ್ನು ನಡೆಯುತ್ತ ನೋಡಬಹುದು.

ಮೊದಲನೆಯದು ಹರ್ಕ್ಯುಲಿಸ್ ದಿವಾನಖಾನೆ. ಪ್ರವಾಸಿಗರು ಅದರ ಮಾಳಿಗೆಯ ಚಿತ್ರವನ್ನೊಮ್ಮೆ ತಲೆಯೆತ್ತಿ ನೋಡಿ, ಕನ್ನಡಿಗಳ ಹಜಾರವನ್ನು ಸೇರುವ ಆತುರದಲ್ಲಿ ದಾಟಿಬಿಡುತ್ತಾರೆ. ಕನ್ನಡ ನಾಡಿನಿಂದ ಹೋದವರು ಮಾತ್ರ ಇಲ್ಲಿ ಹಾಗೆ ದಾಟಬಾರದು. ಶ್ರೀರಂಗಪಟ್ಟಣದಿಂದ ಟಿಪ್ಪು ಸುಲ್ತಾನ ಕಳುಹಿಸಿದ ಮಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮಹಮ್ಮದ್ ಉಸ್ಮಾನ್ ಖಾನ್ ಎಂಬ ಮೂವರು ರಾಯಭಾರಿಗಳನ್ನು ಹದಿನಾರನೆಯ ಲೂಯಿ ೧೭೮೮ರ ಆಗಸ್ಟ್ ೧೦ರಂದು ಬರಮಾಡಿಕೊಂಡದ್ದು ಇದೇ ದಿವಾನಖಾನೆಯಲ್ಲಿ. ಅವರು ೧೭೮೭ರ ಜುಲೈ ತಿಂಗಳಲ್ಲಿ ಪುದುಚೇರಿಯಲ್ಲಿ ಹಡಗು ಹತ್ತಿ, ಮರುವರ್ಷದ ಜೂನ್ ತಿಂಗಳಲ್ಲಿ ಫ್ರಾನ್ಸಿನ ತೂಲಾನ್ ಬಂದರನ್ನು ಮುಟ್ಟಿದ್ದರು. ಆಂಗ್ಲರ ವಿರುದ್ಧ ಸೈನ್ಯದ ನೆರವು ಅವರ ಮುಖ್ಯ ಬೇಡಿಕೆ. ಅದರೊಂದಿಗೆ ಕುಶಲಕರ್ಮಿಗಳು, ವೈದ್ಯರು, ಗಿಡಗಳ ಬೀಜ ಇವುಗಳನ್ನೂ ಕೇಳಿದ್ದರು. ಅವರ ಉಡುಗೆ-ತೊಡುಗೆಗಳನ್ನು ನೋಡಲು ಪ್ಯಾರಿಸ್ಸಿನ ಜನ ಮುಗಿಬಿದ್ದರು. ವಿಜೆ ಲ ಬ್ರಂ ಎಂಬ ಪ್ರಸಿದ್ಧ ಚಿತ್ರಕಾರ್ತಿ ದರ್ವೇಶ್ ಖಾನರ ಭಾವಚಿತ್ರವನ್ನು ಬರೆದಳು. ಮರ್ಯಾದೆಗೆ ಕೊರತೆಯಾಗಲಿಲ್ಲ, ಉಡುಗೊರೆಯಾಗಿ ಸೆವ್ರ್ ಕಾರ್ಖಾನೆಯ ಪಿಂಗಾಣಿ ಪಾತ್ರೆಗಳು ದೊರೆತವು. ಸೈನ್ಯ ಮಾತ್ರ ದೊರೆಯಲಿಲ್ಲ.

ಏಕೆ ದೊರೆಯಲಿಲ್ಲ ಎಂಬುದಕ್ಕೆ ಆ ವಾರದ ಪಂಚಾಂಗವೇ ಉತ್ತರ ಹೇಳುತ್ತದೆ. ಜುಲೈ ೧೩ರಂದು ಬಿದ್ದ ಭಾರೀ ಆಲಿಕಲ್ಲು ಮಳೆ ಪ್ಯಾರಿಸ್ಸಿನ ಸುತ್ತಲಿನ ಪೈರನ್ನು ನೆಲಕ್ಕೊರಗಿಸಿತ್ತು. ರಾಯಭಾರಿಗಳ ದರ್ಶನಕ್ಕೆ ಎರಡು ದಿನ ಮೊದಲು, ಆಗಸ್ಟ್ ೮ರಂದು, ಬೇರೆ ದಾರಿಯಿಲ್ಲದೆ ದೊರೆ ‘ಎಸ್ಟೇಟ್ಸ್ ಜನರಲ್’ ಎಂಬ ಪ್ರತಿನಿಧಿ ಸಭೆಯನ್ನು ಮರುವರ್ಷ ಕರೆಯುವುದಾಗಿ ಘೋಷಿಸಿದ್ದನು. ೧೬೧೪ರಿಂದ ಆ ಸಭೆ ಸೇರಿರಲಿಲ್ಲ. ದರ್ಶನವಾಗಿ ಆರು ದಿನಗಳಲ್ಲಿ, ಆಗಸ್ಟ್ ೧೬ರಂದು, ಸಾಲಗಾರರಿಗೆ ಸಲ್ಲಬೇಕಾದುದನ್ನು ನಗದಾಗಿ ಪೂರ್ತಿ ಸಲ್ಲಿಸಲಾರದೆ ಖಜಾನೆ ಕೈಚೆಲ್ಲಿತು. ಕುಸಿಯುತ್ತಿದ್ದ ಮನೆಯ ಯಜಮಾನ ದೂರದ ನೆಂಟರನ್ನು ರತ್ನಗಂಬಳಿ ಹಾಸಿ ಬರಮಾಡಿಕೊಂಡಂತೆ ಇತ್ತು ಆ ದೃಶ್ಯ. ಆ ದಿವಾನಖಾನೆಯ ಅಮೃತಶಿಲೆಯ ಕಂಬಗಳ ನಡುವೆ ಐದು ನಿಮಿಷ ಸುಮ್ಮನೆ ನಿಂತವನಿಗೆ, ವೈಭವಕ್ಕೂ ಬಲಕ್ಕೂ ಇರುವ ಅಂತರ ಯಾವ ಪಠ್ಯಪುಸ್ತಕಕ್ಕಿಂತಲೂ ಚೆನ್ನಾಗಿ ಮನದಟ್ಟಾಗುತ್ತದೆ.

ಎರಡನೆಯದು ಕನ್ನಡಿಗಳ ಹಜಾರ. ಇದನ್ನು ಬಿಡಿ ಎಂದು ಯಾರೂ ಹೇಳಲಾರರು. ೧೬೭೮ರಿಂದ ೧೬೮೪ರವರೆಗೆ ನಿರ್ಮಾಣವಾದ ಈ ಹಜಾರ ೭೩ ಮೀಟರ್ ಉದ್ದವಿದೆ. ಉದ್ಯಾನದ ಕಡೆಗೆ ೧೭ ಕಿಟಕಿಗಳು, ಅವುಗಳಿಗೆ ಎದುರಾಗಿ ೧೭ ಕಮಾನುಗಳು, ಆ ಕಮಾನುಗಳಲ್ಲಿ ೩೫೭ ಕನ್ನಡಿಗಳು. ಆಗಿನ ಕಾಲದಲ್ಲಿ ಉತ್ತಮ ಕನ್ನಡಿ ಮಾಡುವ ವಿದ್ಯೆ ವೆನಿಸ್ ನಗರದವರ ಗುಟ್ಟಾಗಿತ್ತು. ಮಂತ್ರಿ ಕೊಲ್ಬೇರ್ ೧೬೬೫ರಲ್ಲಿ ಫ್ರಾನ್ಸಿನಲ್ಲೇ ಕನ್ನಡಿ ಕಾರ್ಖಾನೆಯನ್ನು ಸ್ಥಾಪಿಸಿ, ಆಮಿಷವೊಡ್ಡಿ ವೆನಿಸ್ಸಿನ ಕೆಲಸಗಾರರನ್ನು ಕರೆಸಿಕೊಂಡನು. ಒಂದು ದೇಶದ ವಿದ್ಯೆಯನ್ನು ಇನ್ನೊಂದು ದೇಶ ಹೀಗೆ ಬರಮಾಡಿಕೊಂಡ ಕುರುಹಾಗಿ ಆ ಹಜಾರವನ್ನು ನೋಡಿದರೆ, ಶತಮಾನದ ಬಳಿಕ ಶ್ರೀರಂಗಪಟ್ಟಣದವರು ಅದೇ ಅರಮನೆಗೆ ಬಂದು ಕುಶಲಕರ್ಮಿಗಳನ್ನು ಕೇಳಿದ್ದು ಎಂತಹ ದೂರದೃಷ್ಟಿಯೆಂಬುದು ತಿಳಿಯುತ್ತದೆ. ಹಜಾರದಲ್ಲಿ ಈಗ ಕಾಣದಿರುವುದನ್ನೂ ನೆನೆಯಬೇಕು. ಇಲ್ಲಿ ಒಮ್ಮೆ ಬೆಳ್ಳಿಯ ಪೀಠೋಪಕರಣಗಳಿದ್ದವು. ಹಜಾರ ಪೂರ್ಣಗೊಂಡ ಐದೇ ವರ್ಷಗಳಲ್ಲಿ, ೧೬೮೯ರಲ್ಲಿ, ಯುದ್ಧದ ಖರ್ಚಿಗಾಗಿ ದೊರೆ ಅವುಗಳನ್ನು ಕರಗಿಸಿದನು. ಮುಂದೆ ೧೮೭೧ರ ಜನವರಿ ೧೮ರಂದು ಗೆದ್ದ ಜರ್ಮನರು ತಮ್ಮ ಸಾಮ್ರಾಜ್ಯವನ್ನು ಘೋಷಿಸಿದ್ದು ಇಲ್ಲಿ. ೧೯೧೯ರ ಜೂನ್ ೨೮ರಂದು ಸೋತ ಜರ್ಮನರಿಂದ ಸಹಿ ಹಾಕಿಸಿಕೊಂಡದ್ದೂ ಇಲ್ಲಿಯೇ. ಆ ಒಪ್ಪಂದಕ್ಕೆ ಭಾರತದ ಪರವಾಗಿ ಬಿಕಾನೇರಿನ ಮಹಾರಾಜ ಗಂಗಾಸಿಂಗರೂ ಸಹಿ ಮಾಡಿದರು. ಶಾಲೆಯಲ್ಲಿ ‘ವರ್ಸೇಲ್ಸ್ ಒಪ್ಪಂದ’ವನ್ನು ವರ್ಷವರ್ಷವೂ ಪಾಠ ಮಾಡುವ ಅಧ್ಯಾಪಕರಿಗೆ ಈ ಸ್ಥಳ ಬೇರೆಯೇ ಅರ್ಥ ಕೊಡುತ್ತದೆ.

ಮೂರನೆಯದು ರಾಣಿಯ ಶಯ್ಯಾಗೃಹ. ಮಂಚದ ಪಕ್ಕದ ಗೋಡೆಯಲ್ಲಿ, ಗೋಡೆಯ ಬಟ್ಟೆಯೊಂದಿಗೆ ಬೆರೆತು ಹೋದ ಒಂದು ಮರೆಬಾಗಿಲಿದೆ. ಬ್ರೆಡ್ಡಿಗಾಗಿ ಪ್ಯಾರಿಸ್ಸಿನಿಂದ ನಡೆದು ಬಂದ ಹೆಂಗಸರ ಮೆರವಣಿಗೆ ೧೭೮೯ರ ಅಕ್ಟೋಬರ್ ೫ರಂದು ಅರಮನೆಯನ್ನು ತಲುಪಿತು. ಮರುದಿನ ನಸುಕಿನಲ್ಲಿ ಜನ ಒಳನುಗ್ಗಿದಾಗ ರಾಣಿ ಮೇರಿ ಆಂತ್ವಾನೆತ್ ಪ್ರಾಣ ಉಳಿಸಿಕೊಂಡು ಓಡಿದ್ದು ಆ ಬಾಗಿಲಿನಿಂದ. ಅರಮನೆಯ ಕಥೆ ಮುಗಿಯುವುದು ಸಿಂಹಾಸನದ ಬಳಿಯಲ್ಲಲ್ಲ, ಆ ಪುಟ್ಟ ಬಾಗಿಲಿನ ಬಳಿ. ಇನ್ನೊಂದು ಮಾತು: ಇಂದು ಕೋಣೆಗಳಲ್ಲಿ ಕಾಣುವ ಪೀಠೋಪಕರಣಗಳೆಲ್ಲ ಅಂದಿನಿಂದ ಅಲ್ಲಿಯೇ ಇದ್ದವಲ್ಲ. ೧೭೯೩-೯೪ರಲ್ಲಿ ಅರಮನೆಯ ಸಾಮಾನುಗಳನ್ನು ಹರಾಜು ಹಾಕಲಾಯಿತು. ಚದುರಿ ಹೋದುದರಲ್ಲಿ ಸಿಕ್ಕಷ್ಟನ್ನು ಆಮೇಲೆ ಹುಡುಕಿ ತಂದು ಜೋಡಿಸಿದ್ದಾರೆ. ಬರಿದಾಗಿ ನಿಂತಿದ್ದ ಕಟ್ಟಡವನ್ನು ೧೮೩೭ರಲ್ಲಿ ಲೂಯಿ ಫಿಲಿಪ್ ದೊರೆ ರಾಷ್ಟ್ರದ ಚರಿತ್ರೆಯ ವಸ್ತುಸಂಗ್ರಹಾಲಯವನ್ನಾಗಿ ಮಾಡಿದುದರಿಂದಲೇ ಅದು ಉಳಿಯಿತು.

ಹನ್ನೊಂದೂವರೆಯ ಹೊತ್ತಿಗೆ ಉದ್ಯಾನಕ್ಕೆ ಇಳಿಯಬೇಕು. ಮೇಲಿನ ಜಗಲಿಯಿಂದ ನೋಡಿದರೆ ದೃಷ್ಟಿ ಎಲ್ಲಿಯೂ ತಡೆಯಿಲ್ಲದೆ ೧,೬೭೦ ಮೀಟರ್ ಉದ್ದದ ಮಹಾ ಕಾಲುವೆಯ ಅಂಚಿನವರೆಗೆ ಹರಿಯುತ್ತದೆ. ಗಿಡಮರಗಳೂ ರಾಜಾಜ್ಞೆಗೆ ತಲೆಬಾಗಿ ಸಾಲಾಗಿ ನಿಂತಂತಿರುವ ಆ ದೃಶ್ಯ ಸುಂದರವೆಂಬುದು ನಿರ್ವಿವಾದ. ಆದರೆ ಸೌಂದರ್ಯದ ಹಿಂದಿನ ಲೆಕ್ಕವನ್ನು ಕೇಳುವವನಿಗೇ ಉದ್ಯಾನ ನಿಜವಾಗಿ ತೆರೆದುಕೊಳ್ಳುತ್ತದೆ. ವರ್ಸೇಲ್ಸ್‌ನಲ್ಲಿ ನದಿಯಿಲ್ಲ. ಕಾರಂಜಿಗಳೋ ನೂರಾರು. ನೀರು ತರುವುದಕ್ಕಾಗಿ ಸೇನ್ ನದಿಯ ಮೇಲೆ ೧೬೮೧ರಿಂದ ೧೬೮೪ರವರೆಗೆ ಹದಿನಾಲ್ಕು ದೈತ್ಯ ಚಕ್ರಗಳ ‘ಮಾರ್ಲಿ ಯಂತ್ರ’ವನ್ನು ಕಟ್ಟಿ, ನೀರನ್ನು ಗುಡ್ಡದ ಮೇಲಕ್ಕೆ ಎತ್ತಲಾಯಿತು. ಅದೂ ಸಾಲದೆ ಬಂದಾಗ ೧೬೮೫ರಲ್ಲಿ ದೂರದ ಯೂರ್ ನದಿಯನ್ನೇ ತಿರುಗಿಸುವ ಕೆಲಸಕ್ಕೆ ಸಾವಿರಾರು ಸೈನಿಕರನ್ನು ಹಚ್ಚಲಾಯಿತು. ಜ್ವರದಿಂದ ಅವರಲ್ಲಿ ಬಹಳ ಮಂದಿ ಸತ್ತರು. ಯುದ್ಧ ಬಂದು ಕೆಲಸ ನಿಂತಿತು. ಯೂರ್ ನದಿಯ ನೀರು ವರ್ಸೇಲ್ಸ್‌ಗೆ ಬರಲೇ ಇಲ್ಲ. ಮ್ಯಾಂತನೊ ಎಂಬ ಊರಿನಲ್ಲಿ ಆ ಮೇಲ್ಗಾಲುವೆಯ ಮುರುಕು ಕಮಾನುಗಳು ಇಂದಿಗೂ ನಿಂತಿವೆ. ಅರಮನೆಯ ಕೆಲಸದಲ್ಲಿ ಸತ್ತ ಕೂಲಿಗಳನ್ನು ರಾತ್ರಿ ಹೊತ್ತು ಬಂಡಿಗಳಲ್ಲಿ ಸಾಗಿಸುತ್ತಿದ್ದ ಸಂಗತಿಯನ್ನು ಮದಾಂ ದ ಸೆವಿಞೆ ೧೬೭೮ರ ತನ್ನ ಒಂದು ಪತ್ರದಲ್ಲಿ ಬರೆದಿದ್ದಾಳೆ. ಅವಳು ರಾಜವಿರೋಧಿಯಲ್ಲ, ಆಸ್ಥಾನಕ್ಕೆ ಹತ್ತಿರವಿದ್ದ ಕುಲೀನ ಮನೆತನದ ಹೆಣ್ಣುಮಗಳು.

ಇಷ್ಟಾಗಿಯೂ ಎಲ್ಲ ಕಾರಂಜಿಗಳೂ ಒಟ್ಟಿಗೆ ಚಿಮ್ಮುವಷ್ಟು ನೀರು ಎಂದೂ ಒದಗಲಿಲ್ಲ. ದೊರೆ ನಡೆದು ಬರುವುದನ್ನು ಕಂಡು ಕಾರಂಜಿಯ ಆಳು ಶಿಳ್ಳೆ ಹಾಕಬೇಕು. ಮುಂದಿನವನು ತಿರುಪು ತೆಗೆಯಬೇಕು. ದೊರೆ ದಾಟಿದೊಡನೆ ಹಿಂದಿನವನು ನಿಲ್ಲಿಸಬೇಕು. ಎಲ್ಲವೂ ಸದಾ ಚಿಮ್ಮುತ್ತಿವೆ ಎಂದು ದೊರೆಯ ಕಣ್ಣಿಗೆ ತೋರಿದರೆ ಸಾಕಿತ್ತು! ಇಂದು ಕಾರಂಜಿಗಳ ಪ್ರದರ್ಶನ ಸುಮಾರಾಗಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ, ಮುಖ್ಯವಾಗಿ ವಾರಾಂತ್ಯದಲ್ಲಿ ನಡೆಯುತ್ತದೆ. ಅದಕ್ಕೆ ಪ್ರತ್ಯೇಕ ಶುಲ್ಕವಿದೆ. ಬುಧವಾರ ಹೋದವನಿಗೆ ಅದು ತಪ್ಪಿಹೋಗಬಹುದು. ತಪ್ಪಿದರೆ ಕೊರಗಬೇಕಾಗಿಲ್ಲ. ಸುಮ್ಮನಿರುವ ಕಾರಂಜಿಯ ದಂಡೆಯಲ್ಲಿ ಕುಳಿತು ಆ ಶಿಳ್ಳೆಯ ಕಥೆಯನ್ನು ಮಕ್ಕಳಿಗೆ ಹೇಳಿದರೆ, ಅಧಿಕಾರದ ಕಣ್ಣಿಗೆ ಕಾಣಿಸುವುದಕ್ಕೂ ನಿಜವಾಗಿ ಇರುವುದಕ್ಕೂ ಇರುವ ಭೇದವನ್ನು ಅವರು ಎಂದಿಗೂ ಮರೆಯಲಾರರು.

ಮಧ್ಯಾಹ್ನದ ಊಟಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವುದೇ ಜಾಣತನ. ಉದ್ಯಾನದ ಒಳಗೆ ಬುತ್ತಿ ಬಿಚ್ಚುವಂತಿಲ್ಲ. ದಕ್ಷಿಣಕ್ಕೆ, ಉದ್ಯಾನದ ಹೊರಗೆ, ಸ್ವಿಸ್ ಕಾವಲು ಪಡೆಯ ಸೈನಿಕರು ತೋಡಿದ ವಿಶಾಲವಾದ ಕೊಳವಿದೆ. ಅದರ ಹುಲ್ಲುದಂಡೆಯಲ್ಲಿ ಊರಿನ ಜನರೂ ಕುಳಿತು ಉಣ್ಣುತ್ತಾರೆ. ಮನೆಯಿಂದ ತಂದ ಚಪಾತಿ-ಪಲ್ಯ, ಮೊಸರನ್ನಗಳಿಗೆ ಅಲ್ಲಿ ಯಾರ ಆಕ್ಷೇಪವೂ ಇಲ್ಲ.

ಊಟವಾದ ಮೇಲೆ ಏನು ಎಂಬಲ್ಲಿಯೇ ನಿಜವಾದ ಭಿನ್ನಾಭಿಪ್ರಾಯವಿರುವುದು. ಪ್ರವಾಸ ಕೈಪಿಡಿಗಳೆಲ್ಲ ಒಕ್ಕೊರಲಿನಿಂದ ಹೇಳುವುದು ತ್ರಿಯಾನೋನ್ ಎಂಬ ಹೆಸರಿನ ಎರಡು ಕಿರಿಯ ಅರಮನೆಗಳನ್ನೂ, ಅವುಗಳಾಚೆ ಮೇರಿ ಆಂತ್ವಾನೆತ್ ಕಟ್ಟಿಸಿದ ಹಳ್ಳಿಯನ್ನೂ ನೋಡಬೇಕೆಂದು. ಅವು ಮಧ್ಯಾಹ್ನ ೧೨ಕ್ಕೆ ತೆರೆಯುತ್ತವೆ. ಅರಮನೆಯಿಂದ ಅಲ್ಲಿಗೆ ಅರ್ಧ ಗಂಟೆಯ ನಡಿಗೆ. ಹೋಗಿ, ನೋಡಿ, ಹಿಂದಿರುಗುವಷ್ಟರಲ್ಲಿ ಮೂರು ಗಂಟೆ ಕಳೆದು, ದಿನ ಮುಗಿದೇ ಹೋಗುತ್ತದೆ. ಅವು ಸೊಗಸಾದ ಕಟ್ಟಡಗಳೆಂಬುದರಲ್ಲಿ ಸಂದೇಹವಿಲ್ಲ. ರಾಣಿ ಹಳ್ಳಿಗಾಡಿನ ಬಾಳನ್ನು ತನ್ನ ಮನೋಲ್ಲಾಸಕ್ಕಾಗಿ ಅಣಿಮಾಡಿಸಿಕೊಂಡ ಆ ಹಳ್ಳಿ ಒಂದು ವಿಚಿತ್ರವೂ ಹೌದು. ಎರಡು ದಿನ ಇರುವವರು ಅವಶ್ಯವಾಗಿ ನೋಡಲಿ. ಒಂದೇ ದಿನ ಉಳ್ಳವರು ಅವುಗಳನ್ನು ಬಿಟ್ಟು, ಅರಮನೆಗೆ ಬೆನ್ನು ತಿರುಗಿಸಿ, ಊರಿನೊಳಗೆ ನಡೆಯುವುದೇ ಲೇಸು.

ಊರಿನ ಆ ಪಾರ್ಶ್ವದಲ್ಲಿ ಎರಡು ಸ್ಥಳಗಳಿವೆ. ಒಂದು, ರಾಜನ ಕಾಯಿಪಲ್ಯದ ತೋಟ. ಲಾ ಕ್ಯಾಂತಿನಿ ಎಂಬಾತ ೧೬೭೮ರಿಂದ ೧೬೮೩ರ ಅವಧಿಯಲ್ಲಿ ಜೌಗು ನೆಲವನ್ನು ಬತ್ತಿಸಿ, ಮಣ್ಣು ತುಂಬಿ, ಸುಮಾರು ೯ ಹೆಕ್ಟೇರಿನಲ್ಲಿ ಈ ತೋಟವನ್ನು ಎಬ್ಬಿಸಿದನು. ಅವನು ಕಲಿತದ್ದು ವಕೀಲಿ ವಿದ್ಯೆ; ಒಲಿದದ್ದು ಮಣ್ಣಿಗೆ. ಗಾಳಿಯನ್ನು ತಡೆಯುವ ಎತ್ತರದ ಗೋಡೆಗಳ ಆಸರೆಯಲ್ಲಿ ಹಣ್ಣಿನ ಗಿಡಗಳನ್ನು ಹಬ್ಬಿಸಿ, ಋತುವಿಗೆ ಮುನ್ನವೇ ಫಲ ತೆಗೆಯುತ್ತಿದ್ದನು. ಅರಮನೆಯ ಬಂಗಾರ ಕೈಬದಲಾಯಿತು, ಬೆಳ್ಳಿ ಕರಗಿತು. ಈ ತೋಟ ಮಾತ್ರ ಮುನ್ನೂರ ನಲವತ್ತು ವರ್ಷಗಳ ಬಳಿಕವೂ ಫಲ ಕೊಡುತ್ತಿದೆ. ಉದ್ಯಾನ ವಿನ್ಯಾಸವನ್ನು ಕಲಿಸುವ ರಾಷ್ಟ್ರೀಯ ವಿದ್ಯಾಲಯವೊಂದು ಇಲ್ಲಿ ನೆಲೆಗೊಂಡಿದೆ. ರಾಜರು ನೆಟ್ಟುದರಲ್ಲಿ ವಿದ್ಯಾರ್ಥಿಗಳ ಕೈಗೆ ಬಂದದ್ದು ಹೀಗೆ ಜೀವಂತವಾಗಿರುವುದನ್ನು ಅಧ್ಯಾಪಕರು ಗಮನಿಸಬೇಕು.

ಇನ್ನೊಂದು, ದಿನದ ಕೊನೆಗೆ ಇಟ್ಟುಕೊಳ್ಳಬೇಕಾದ ಸ್ಥಳ, ಒಂದು ಬೋಳು ಕಟ್ಟಡ. ಚೆಂಡಾಟಕ್ಕೆಂದು ೧೬೮೬ರಲ್ಲಿ ಕಟ್ಟಿದ ಹಜಾರ. ಚರಿತ್ರೆಯ ಪಾಠದಲ್ಲಿ ‘ಟೆನಿಸ್ ಕೋರ್ಟ್ ಪ್ರತಿಜ್ಞೆ’ ಎಂದು ಎಲ್ಲರೂ ಓದಿರುವುದು ಇದರ ವಿಷಯವೇ. ೧೭೮೯ರ ಜೂನ್ ೨೦ರ ಬೆಳಿಗ್ಗೆ ಜನಸಾಮಾನ್ಯರ ಪ್ರತಿನಿಧಿಗಳು ತಮ್ಮ ಸಭಾಭವನಕ್ಕೆ ಬಂದರೆ ಬಾಗಿಲಿಗೆ ಬೀಗ, ಮುಂದೆ ಸಿಪಾಯಿಗಳ ಕಾವಲು, ಮೇಲೆ ಮಳೆ. ಅವರು ಹತ್ತಿರದ ಈ ಆಟದ ಮನೆಯನ್ನು ಹೊಕ್ಕು, ಬಯ್ಯಿ ಎಂಬ ಖಗೋಳ ಶಾಸ್ತ್ರಜ್ಞನ ಅಧ್ಯಕ್ಷತೆಯಲ್ಲಿ, ರಾಜ್ಯಕ್ಕೊಂದು ಸಂವಿಧಾನವನ್ನು ಕೊಡುವವರೆಗೆ ಚದುರುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ಒಬ್ಬನೇ ಒಬ್ಬ ಪ್ರತಿನಿಧಿ ವಿರೋಧಿಸಿದನು. ಅವನ ವಿರೋಧವನ್ನೂ ದಾಖಲು ಮಾಡಲಾಯಿತು. ಈಗ ಅಲ್ಲಿ ಬಯ್ಯಿಯ ಪ್ರತಿಮೆಯೂ, ಚಿತ್ರಕಾರ ದಾವೀದನ ರೇಖಾಚಿತ್ರವನ್ನು ಆಧರಿಸಿ ಬರೆದ ದೊಡ್ಡ ಚಿತ್ರವೂ ಇವೆ. ಆ ಚಿತ್ರದಲ್ಲಿ ಎಲ್ಲರೂ ಕೈಯೆತ್ತಿ ನಿಂತಿರುವಾಗ, ಬಲಬದಿಯಲ್ಲಿ ಒಬ್ಬನು ತೋಳುಗಳನ್ನು ಎದೆಗೆ ಕಟ್ಟಿ ಕುಳಿತಿದ್ದಾನೆ. ಅವನೇ ಆ ಒಬ್ಬ ವಿರೋಧಿ. ಬಹುಮತದ ನಡುವೆ ಒಬ್ಬನ ಭಿನ್ನಮತಕ್ಕೂ ಸ್ಥಾನ ಕೊಟ್ಟ ಆ ಚಿತ್ರವೊಂದನ್ನು ನೋಡುವುದಕ್ಕಾಗಿಯಾದರೂ ಅಲ್ಲಿಗೆ ಹೋಗಬೇಕು. ಈ ಹಜಾರ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ತೆರೆದಿರುತ್ತದೆ. ಹೊರಡುವ ಮುನ್ನ ವೇಳೆಯನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.

“ಅಲ್ಲಿ ನೋಡುವುದಕ್ಕೆ ಏನಿದೆ?” ಎಂದು ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ನಾಲ್ಕು ಗೋಡೆ, ಎತ್ತರದ ಕಿಟಕಿ, ಒಂದು ಪ್ರತಿಮೆ, ಒಂದು ಚಿತ್ರ; ಅಷ್ಟೇ. ಆದರೆ ಬೆಳಿಗ್ಗೆ ಮುನ್ನೂರೈವತ್ತೇಳು ಕನ್ನಡಿಗಳನ್ನು ನೋಡಿ ಬಂದ ಕಣ್ಣಿಗೆ ಈ ಬೋಳುತನವೇ ಮಾತನಾಡುತ್ತದೆ. ಅರಮನೆಯನ್ನು ಮಾತ್ರ ನೋಡಿದವನು ಪ್ರಶ್ನೆಯನ್ನು ನೋಡಿ ಬಂದಂತೆ; ಉತ್ತರ ಇರುವುದು ಇಲ್ಲಿ. ಟಿಪ್ಪುವಿನ ರಾಯಭಾರಿಗಳು ಹರ್ಕ್ಯುಲಿಸ್ ದಿವಾನಖಾನೆಯಲ್ಲಿ ತಲೆಬಾಗಿದ ಮೇಲೆ ಈ ಪ್ರತಿಜ್ಞೆಗೆ ಹತ್ತು ತಿಂಗಳು ಹತ್ತು ದಿನ ಮಾತ್ರ ಬೇಕಾಯಿತು. ಅದೇ ಆಗಸ್ಟ್ ೧೦ರಂದು, ನಾಲ್ಕು ವರ್ಷಗಳ ನಂತರ ೧೭೯೨ರಲ್ಲಿ, ಪ್ಯಾರಿಸ್ಸಿನ ಜನ ತ್ವಿಲರಿ ಅರಮನೆಯನ್ನು ಹೊಕ್ಕು ರಾಜತ್ವವನ್ನೇ ಉರುಳಿಸಿದರು.

ವಿಶ್ರಾಂತಿಗೆಂದು ಹೋದವರಿಗೆ ಇಷ್ಟೊಂದು ಪಾಠವೇಕೆ ಎಂಬ ಆಕ್ಷೇಪವೂ ಇರಬಹುದು. ವಿಶ್ರಾಂತಿಗೆ ಯಾರ ಅಡ್ಡಿಯೂ ಇಲ್ಲ. ಮೇಲೆ ಸೂಚಿಸಿದ ಕ್ರಮದಲ್ಲಿ ನಡೆದವನು, ಪಟ್ಟಿ ಹಿಡಿದು ಓಡಿದವನಿಗಿಂತ ಕಡಿಮೆ ನಡೆಯುತ್ತಾನೆ, ಹೆಚ್ಚು ಕೂರುತ್ತಾನೆ. ವಯಸ್ಸಾದವರಿಗೆ ಇದು ಸಣ್ಣ ಅನುಕೂಲವಲ್ಲ. ಕಾಲುನೋವಿನವರು ಉದ್ಯಾನವನ್ನು ಜಗಲಿಯಿಂದಲೇ ನೋಡಿ ತೃಪ್ತಿಪಡಬಹುದು. ಮಕ್ಕಳಿಗೆ ಬೇಸರವಾದರೆ ಕಾಲುವೆಯ ದೋಣಿ ಇದೆ. ಬಿಡಬೇಕಾದುದನ್ನು ಬಿಡಲು ಧೈರ್ಯ ಬೇಕು. “ತ್ರಿಯಾನೋನ್ ನೋಡಲಿಲ್ಲವೇ?” ಎಂದು ಊರಿಗೆ ಬಂದ ಮೇಲೆ ಕೇಳುವವರಿಗೆ “ಇಲ್ಲ” ಎನ್ನುವ ಧೈರ್ಯವದು.

ಕೊಡುಗೈ ದಾನಿಗಳು ಗಮನಿಸಬೇಕಾದ ಒಂದು ಸಂಗತಿಯನ್ನು ಇಲ್ಲಿ ಸೇರಿಸಬಹುದು. ಮೊದಲ ಮಹಾಯುದ್ಧದ ತರುವಾಯ ವರ್ಸೇಲ್ಸ್‌ನ ಛಾವಣಿ ಸೋರುತ್ತಿತ್ತು. ೧೯೨೪ರಲ್ಲಿ ಅಮೆರಿಕದ ಜಾನ್ ಡಿ. ರಾಕ್‌ಫೆಲರ್ ಜೂನಿಯರ್ ದೊಡ್ಡ ಮೊತ್ತವನ್ನು ನೀಡಿದನು. ಫೌಂತೆನ್‌ಬ್ಲೋ ಅರಮನೆ ಮತ್ತು ಯುದ್ಧದಲ್ಲಿ ಹಾಳಾದ ರ‍್ಯಾನ್ಸ್ ನಗರದ ಮಹಾಮಂದಿರ ಸಹ ಅದರ ಪ್ರಯೋಜನ ಪಡೆದವು. ವರ್ಸೇಲ್ಸ್‌ನಲ್ಲಿ ಆ ಹಣ ಮುಖ್ಯವಾಗಿ ವಿನಿಯೋಗವಾದದ್ದು ಛಾವಣಿಯ ದುರಸ್ತಿಗೆ. ಪ್ರವಾಸಿಗರಾರೂ ಛಾವಣಿಯನ್ನು ನೋಡಲು ಹೋಗುವುದಿಲ್ಲ. ಆದರೆ ಅದು ಸೋರಿದ್ದರೆ ಕೆಳಗಿನ ಚಿತ್ರಗಳನ್ನು ನೋಡುವ ಭಾಗ್ಯವೂ ಇರುತ್ತಿರಲಿಲ್ಲ. ೧೯೭೯ರಲ್ಲಿ ವರ್ಸೇಲ್ಸ್ ವಿಶ್ವ ಪರಂಪರೆಯ ತಾಣವೆಂದು ಘೋಷಿತವಾಯಿತು. ಆ ಕೀರ್ತಿಯಲ್ಲಿ ಈ ಕಣ್ಣಿಗೆ ಬೀಳದ ದುರಸ್ತಿಗಳ ಪಾಲು ಕಡಿಮೆಯದಲ್ಲ.

ಕೊನೆಯದಾಗಿ ಅಧ್ಯಾಪಕರಿಗೆ ಸಂಬಂಧಿಸಿದ ಮಾತು. ವರ್ಸೇಲ್ಸ್‌ಗೆ ಹೋಗುವವರು ಕೆಲವರೇ. ಆದರೆ ಪ್ರತಿವರ್ಷ ಶೈಕ್ಷಣಿಕ ಪ್ರವಾಸದ ಹೆಸರಿನಲ್ಲಿ ಮಕ್ಕಳನ್ನು ಎಲ್ಲಿಗಾದರೂ ಕರೆದೊಯ್ಯುವವರು ಎಲ್ಲ ಶಾಲೆಗಳಲ್ಲೂ ಇದ್ದಾರೆ. ಹೊರಡುವ ಹಿಂದಿನ ದಿನ ತರಗತಿಯ ಕಪ್ಪು ಹಲಗೆಯ ಮೇಲೆ ಸ್ಥಳಗಳ ಪಟ್ಟಿಗೆ ಬದಲಾಗಿ ಒಂದೇ ಒಂದು ಪ್ರಶ್ನೆಯನ್ನು ಬರೆದರೆ, ಹಿಂದಿರುಗಿದ ಮರುದಿನ ಅದೇ ಹಲಗೆಯ ಮುಂದೆ ಮಕ್ಕಳು ಹೇಳುವ ಉತ್ತರಗಳು ಬೇರೆಯಾಗಿರುತ್ತವೆ. ಇದನ್ನು ಮೊದಲು ಹಿರಿಯರು ತಮ್ಮ ಪ್ರಯಾಣಗಳಲ್ಲಿ ಪ್ರಯೋಗಿಸಿ ನೋಡಬೇಕು. ಮಕ್ಕಳ ಮನೆಗೆಂದು ಯೂರೋಪಿಗೆ ಹೋದ ತಂದೆ-ತಾಯಿ, ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ವರ್ಸೇಲ್ಸ್‌ನ ಬಾಗಿಲಲ್ಲಿ ನಿಂತು, ಸಂಜೆ ಆ ಬೋಳು ಹಜಾರದಿಂದ ಹೊರಬಂದು ರೈಲು ಹತ್ತಲಿ. ದಾರಿಯುದ್ದಕ್ಕೂ ಮೊಮ್ಮಕ್ಕಳಿಗೆ ಹೇಳಲು ಅವರ ಬಳಿ ಒಂದು ಪೂರ್ತಿ ಕಥೆಯಿರುತ್ತದೆ. ಅದಕ್ಕೆ ಮೊದಲಿದೆ, ನಡುವಿದೆ, ಕೊನೆಯೂ ಇದೆ. ಆ ಕಥೆಯೊಳಗೆ ಶ್ರೀರಂಗಪಟ್ಟಣದ ಹೆಸರೂ ಬರುತ್ತದೆ. ಒಂದು ದಿನದ ಪ್ರವಾಸದಿಂದ ಇದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಬೇಕಾಗಿಲ್ಲ. ಕಡಿಮೆಗೆ ತೃಪ್ತಿಪಡುವ ಅಗತ್ಯವೂ ಇಲ್ಲ.